ಹಾಲಿ ಚಾಂಪಿಯನ್ನರನ್ನು ಎಷ್ಟು ನಂಬಬಹುದು?

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ಹೊಸ ಋತು 2025ರ ಅಕ್ಟೋಬರ್‌ನಲ್ಲಿ ಆರಂಭವಾದದ್ದೇ ತಡ, ಮುಂಬಯಿ ಮತ್ತು ಪುಣೆಯ ಓದುಗರಿಂದ ಹೆಚ್ಚುಕಡಿಮೆ ಒಂದೇ ವಿಷಯದ ಮೇಲೆ ಪತ್ರಗಳು ಬಂದಿವೆ. ಕೆಲವನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಅವಕ್ಕೇ ಬಿಟ್ಟುಕೊಟ್ಟಿದ್ದೇನೆ.

ಪ್ರಶ್ನೆ: ನಾನು ಒಕ್ಲಹೋಮಾ ಸಿಟಿ ಥಂಡರ್ ತಂಡದ ಅಭಿಮಾನಿ. ಕಳೆದ ಜೂನ್ 23ರ ಬೆಳಿಗ್ಗೆ ಅವರು ಪ್ರಶಸ್ತಿ ಗೆದ್ದ ಪಂದ್ಯದ ಕೊನೆಯ ಭಾಗವನ್ನು ಸಿಎಸ್‌ಎಂಟಿ ಕಡೆಗಿನ ಫಾಸ್ಟ್ ಲೋಕಲ್‌ನಲ್ಲಿ, ಕೈ ಕೆಳಗಿಳಿಸಲೂ ಜಾಗವಿಲ್ಲದೆ, ಮೊಬೈಲನ್ನು ಗಲ್ಲದ ಹತ್ತಿರ ಹಿಡಿದುಕೊಂಡು ನೋಡಿದೆ. ಈ ವರ್ಷವೂ ಅವರೇ ಗೆಲ್ಲುತ್ತಾರೆ ಎಂದರೆ, 2018ರ ನಂತರ ಯಾರೂ ಪ್ರಶಸ್ತಿ ಉಳಿಸಿಕೊಂಡಿಲ್ಲ ಎಂದು ಆಫೀಸಿನಲ್ಲಿ ನಗುತ್ತಾರೆ. ನನ್ನ ಭರವಸೆಗೆ ಆಧಾರವಿದೆಯೇ, ಅಥವಾ ಇದು ಬರೀ ಅಭಿಮಾನವೇ?
– ಡೊಂಬಿವಲಿಯ ಓದುಗರೊಬ್ಬರು

ಉತ್ತರ: ನಿಮ್ಮ ಸಹೋದ್ಯೋಗಿಗಳ ಮಾತಿನಲ್ಲಿ ಸುಳ್ಳಿಲ್ಲ. ಸತತ ಎರಡು ವರ್ಷ ಗೆದ್ದ ಕೊನೆಯ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಅದು 2017 ಮತ್ತು 2018ರ ಮಾತು. ಅವರು ಹೇಳದೆ ಬಿಟ್ಟ ಇನ್ನೂ ಕಹಿಯಾದ ಸಂಗತಿಯೊಂದಿದೆ. 2019ರ ಟೊರಾಂಟೊದಿಂದ 2024ರ ಬಾಸ್ಟನ್‌ವರೆಗಿನ ಆರು ಚಾಂಪಿಯನ್ ತಂಡಗಳಲ್ಲಿ ಒಂದೂ ಮರುವರ್ಷದ ಪ್ಲೇಆಫ್‌ನಲ್ಲಿ, ಅಂದರೆ ಋತುವಿನ ಕೊನೆಗೆ ಏಳು ಪಂದ್ಯಗಳ ಸರಣಿಗಳಾಗಿ ನಡೆಯುವ ನಾಕೌಟ್ ಹಂತದಲ್ಲಿ, ಎರಡನೇ ಸುತ್ತನ್ನು ದಾಟಿಲ್ಲ.

ಆದರೆ ಈ ಪಟ್ಟಿಯನ್ನು ಶಾಪವೆಂಬಂತೆ ಓದುವ ಮೊದಲು ಪ್ರತಿಯೊಂದು ತಂಡಕ್ಕೂ ಏನಾಯಿತು ಎಂದು ನೋಡಬೇಕು. ಟೊರಾಂಟೊ ಗೆದ್ದ ಬೇಸಿಗೆಯಲ್ಲಿಯೇ ಕವೈ ಲೆನರ್ಡ್ ತಂಡ ಬಿಟ್ಟು ಕ್ಲಿಪ್ಪರ್ಸ್ ಸೇರಿದರು. ಕೋವಿಡ್ ಕಾರಣದಿಂದ ಅಕ್ಟೋಬರ್‌ವರೆಗೆ ಆಡಿ ಗೆದ್ದ ಲೇಕರ್ಸ್ ತಂಡಕ್ಕೆ ಮತ್ತೆ ಡಿಸೆಂಬರ್‌ನಲ್ಲಿಯೇ ಅಂಗಳಕ್ಕೆ ಇಳಿಯಬೇಕಾಯಿತು, ಮೇಲಾಗಿ ಪ್ಲೇಆಫ್‌ನಲ್ಲಿ ಆಂಥನಿ ಡೇವಿಸ್ ಗಾಯಗೊಂಡರು. ಮಿಲ್ವಾಕಿ ತಂಡ 2022ರಲ್ಲಿ ಕ್ರಿಸ್ ಮಿಡಲ್ಟನ್ ಇಲ್ಲದೆ ಬಾಸ್ಟನ್ ಎದುರು ಏಳನೇ ಪಂದ್ಯದವರೆಗೂ ಹೋರಾಡಿ ಸೋತಿತು. ಮರುವರ್ಷ ವಾರಿಯರ್ಸ್ ಆರು ಪಂದ್ಯಗಳಲ್ಲಿ ಲೇಕರ್ಸ್‌ಗೆ ಶರಣಾಯಿತು. ಡೆನ್ವರ್ ತನ್ನದೇ ಅಂಗಳದಲ್ಲಿ, ಏಳನೇ ಪಂದ್ಯದಲ್ಲಿ 20 ಅಂಕ ಮುಂದಿದ್ದೂ ಮಿನೆಸೋಟಾಗೆ ಸೋತಿತು; ಅದಕ್ಕೆ ಗಾಯದ ನೆಪವಿರಲಿಲ್ಲ. ಬಾಸ್ಟನ್ ಸೋತದ್ದು ಜೇಸನ್ ಟೇಟಮ್ ಅವರ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿದುದರಿಂದ ಎಂದು ಅಭಿಮಾನಿಗಳು ಹೇಳುತ್ತಾರಾದರೂ, ಆ ಸರಣಿಯ ಮೊದಲ ಎರಡು ಪಂದ್ಯಗಳಲ್ಲಿ ತವರಿನಲ್ಲಿಯೇ 20 ಅಂಕಗಳ ಮುನ್ನಡೆಯನ್ನು ಅವರು ಕೈಬಿಟ್ಟಿದ್ದರು ಎಂಬುದನ್ನೂ ಮರೆಯುವಂತಿಲ್ಲ.

ಅಂದರೆ ಹಾಲಿ ಚಾಂಪಿಯನ್ನರನ್ನು ಕೆಡವುವ ಕಾರಣಗಳು ಮುಖ್ಯವಾಗಿ ಎರಡು: ಮುಖ್ಯ ಆಟಗಾರ ಬಿಟ್ಟುಹೋಗುವುದು ಮತ್ತು ಮುಖ್ಯ ಆಟಗಾರ ಗಾಯಗೊಳ್ಳುವುದು. ಮೊದಲನೆಯದರ ಮಟ್ಟಿಗೆ ನಿಮ್ಮ ತಂಡ ನಿಶ್ಚಿಂತವಾಗಿದೆ. ಕಳೆದ ಬೇಸಿಗೆಯಲ್ಲಿ ಥಂಡರ್ ಪರವಾಗಿ ನಿಜವಾಗಿ ಆಡಿ ಗೆಲ್ಲಿಸಿದವರಲ್ಲಿ ಒಬ್ಬರೂ ಹೊರಹೋಗಲಿಲ್ಲ. ಶೇ ಗಿಲ್ಜಸ್-ಅಲೆಕ್ಸಾಂಡರ್ 27ರ ವಯಸ್ಸಿನವರು, ಜೇಲನ್ ವಿಲಿಯಮ್ಸ್ ಮತ್ತು ಚೆಟ್ ಹೋಮ್‌ಗ್ರೆನ್ ಅವರಿಗಿಂತಲೂ ಕಿರಿಯರು. ಮೂವರೂ ದೀರ್ಘಾವಧಿಯ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಲೂ ಡೋರ್ಟ್, ಅಲೆಕ್ಸ್ ಕರೂಸೊ, ಕೇಸನ್ ವಾಲೇಸ್ ಸರದಿಯ ಮೇಲೆ ಎದುರಾಳಿಯ ಚೆಂಡಿನ ಮೇಲೆ ಬೀಳುವ ರಕ್ಷಣಾ ಆಟ ಒಬ್ಬ ತಾರೆಯನ್ನು ನೆಚ್ಚಿಕೊಂಡದ್ದಲ್ಲವಾದ್ದರಿಂದ, ಅಂಕ ಬಾರದ ದಿನವೂ ಅದು ಕೈಕೊಡುವುದಿಲ್ಲ. ಕಳೆದ ಋತುವಿನ 82 ಪಂದ್ಯಗಳಲ್ಲಿ 68 ಗೆದ್ದು, ಪ್ರತಿ ಪಂದ್ಯಕ್ಕೆ ಸರಾಸರಿ 12.9 ಅಂಕಗಳ ಅಂತರವನ್ನು ಅವರು ಕಾಯ್ದುಕೊಂಡರು. ಲೀಗಿನ ಇತಿಹಾಸದಲ್ಲಿಯೇ ಅದು ದಾಖಲೆ.

ನಿಮ್ಮ ಉತ್ಸಾಹಕ್ಕೆ ನಾನು ಕಡಿವಾಣ ಹಾಕುವುದು ಇಲ್ಲಿಯೇ. ಅಷ್ಟು ದೊಡ್ಡ ಅಂತರದ ತಂಡವೂ ಡೆನ್ವರ್ ವಿರುದ್ಧ ಏಳು ಪಂದ್ಯ, ಫೈನಲ್‌ನಲ್ಲಿ ಇಂಡಿಯಾನಾ ಪೇಸರ್ಸ್ ವಿರುದ್ಧ ಮತ್ತೆ ಏಳು ಪಂದ್ಯ ಆಡಬೇಕಾಯಿತು. 2019ರ ಅಕ್ಟೋಬರ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಮುಂಬಯಿಯವರ ಕಣ್ಣೆದುರೇ ಆಡಿಹೋದ ಅದೇ ಪೇಸರ್ಸ್, ಫೈನಲ್‌ನ ಮೊದಲ ಪಂದ್ಯದಲ್ಲಿ ಉದ್ದಕ್ಕೂ ಹಿಂದಿದ್ದು, 0.3 ಸೆಕೆಂಡ್ ಉಳಿದಿದ್ದಾಗ ಟೈರೀಸ್ ಹ್ಯಾಲಿಬರ್ಟನ್ ಹಾಕಿದ ಬುಟ್ಟಿಯಿಂದ ಗೆದ್ದಿತು. ನಾಲ್ಕನೇ ಪಂದ್ಯದ ಕೊನೆಯ ಕ್ವಾರ್ಟರ್ ಶುರುವಾದಾಗ ಥಂಡರ್ ಏಳು ಅಂಕ ಹಿಂದಿತ್ತು. ಅದನ್ನು ಸೋತಿದ್ದರೆ ಸರಣಿ 3–1 ಆಗುತ್ತಿತ್ತು. ಏಳನೇ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲಿ ಹ್ಯಾಲಿಬರ್ಟನ್ ಅಕಿಲೀಸ್ ಗಾಯದಿಂದ ನೆಲಕ್ಕೆ ಬಿದ್ದರು. ಗಾಯ ಎಂಬುದು ಆ ದಿನ ಎದುರಾಳಿಯ ಬಾಗಿಲಿಗೆ ಬಂದಿತ್ತು, ಅಷ್ಟೇ.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಪ್ರಶಸ್ತಿಗೆ ನಾಲ್ಕು ಸರಣಿಗಳನ್ನು ಗೆಲ್ಲಬೇಕು. ಪ್ರತಿ ಸರಣಿಯಲ್ಲಿಯೂ ನಿಮ್ಮ ತಂಡ ಗೆಲ್ಲುವ ಸಾಧ್ಯತೆ ಶೇ 80 ಎಂದು ಉದಾರವಾಗಿ ಒಪ್ಪಿಕೊಂಡರೂ ನಾಲ್ಕನ್ನೂ ಗೆಲ್ಲುವ ಸಾಧ್ಯತೆ ಶೇ 41ರಷ್ಟು ಮಾತ್ರ. ಶೇ 85 ಎಂದರೆ ಶೇ 52. ಲೀಗಿನ ಅತ್ಯುತ್ತಮ ತಂಡವೂ ಪ್ರಶಸ್ತಿ ಕಳೆದುಕೊಳ್ಳುವುದು ಅಚ್ಚರಿಯ ಸಂಗತಿಯೇನಲ್ಲ ಎಂಬುದನ್ನು ಈ ಗುಣಾಕಾರವೇ ಹೇಳುತ್ತದೆ. ನನ್ನ ಅಂದಾಜು ಅರ್ಧಕ್ಕೆ ಸ್ವಲ್ಪ ಕೆಳಗೆ ನಿಲ್ಲುತ್ತದೆ.

ಇನ್ನು ಆಫೀಸಿನವರ ವಿಷಯ. ಥಂಡರ್ ಗೆಲ್ಲುವುದಿಲ್ಲ ಎಂದು ಪಂದ್ಯ ಕಟ್ಟುವವರು ತಮ್ಮ ಬೆನ್ನಿಗೆ ಉಳಿದ 29 ತಂಡಗಳನ್ನೂ ಇಟ್ಟುಕೊಂಡು ಮಾತನಾಡುತ್ತಾರೆ. ಹಾಗಾದರೆ ಗೆಲ್ಲುವ ಒಂದೇ ಒಂದು ತಂಡದ ಹೆಸರು ಹೇಳಿ ಎಂದು ಕೇಳಿ. ಡೆನ್ವರ್ ಎನ್ನುತ್ತಾರೋ, ಕೆವಿನ್ ಡುರಾಂಟ್ ಸೇರಿದ ಹ್ಯೂಸ್ಟನ್ ಎನ್ನುತ್ತಾರೋ ನೋಡೋಣ. ಆ ಹೆಸರಿಗಿಂತ ನಿಮ್ಮ ತಂಡದ ಸಾಧ್ಯತೆ ಹೆಚ್ಚು ಎಂಬುದು ನನಗೆ ಖಾತ್ರಿ.

ಪ್ರಶ್ನೆ: ಹಿಂದೆ ಶಿಕಾಗೊ, ಲೇಕರ್ಸ್ ತಂಡಗಳು ಸತತ ಮೂರು ವರ್ಷ ಗೆಲ್ಲುತ್ತಿದ್ದವು. ಈಗ ಏಕೆ ಆಗುತ್ತಿಲ್ಲ? ಹಣದ ನಿಯಮಗಳು ಕಾರಣವೆಂದು ಓದಿದೆ.
– ಪುಣೆಯ ಕೋಥರೂಡ್‌ನಿಂದ

ಉತ್ತರ: ದೊಡ್ಡ ಮಟ್ಟಿಗೆ ಹೌದು. ತಂಡವೊಂದು ಆಟಗಾರರ ಸಂಬಳಕ್ಕೆ ಖರ್ಚು ಮಾಡುವ ಮೊತ್ತ ನಿಗದಿತ ಮಿತಿಯನ್ನು ಮೀರಿದರೆ ಮೊದಲು ಮುಖ್ಯವಾಗಿ ತೆರಿಗೆ ಕಟ್ಟಬೇಕಿತ್ತು, ಹಣವಂತ ಮಾಲೀಕರು ಅದನ್ನು ಕಟ್ಟಿ ತಾರೆಯರನ್ನು ಉಳಿಸಿಕೊಳ್ಳುತ್ತಿದ್ದರು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದ ‘ಎರಡನೇ ಏಪ್ರನ್’ ಎಂಬ ಇನ್ನೊಂದು ಗೆರೆಯನ್ನು ಎಳೆಯಿತು. ಅದನ್ನು ದಾಟಿದ ತಂಡ ಇಬ್ಬರು ಆಟಗಾರರ ಸಂಬಳವನ್ನು ಒಟ್ಟುಗೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ವಿನಿಮಯದಲ್ಲಿ ತರುವಂತಿಲ್ಲ, ವಿನಿಮಯದಲ್ಲಿ ನಗದು ಕೊಡುವಂತಿಲ್ಲ, ಮುಂದಿನ ವರ್ಷಗಳ ಡ್ರಾಫ್ಟ್ ಹಕ್ಕಿಗೂ (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಗೂ) ಕುತ್ತು ಬರುತ್ತದೆ. ಹೀಗಾಗಿ 2024ರಲ್ಲಿ ಗೆದ್ದ ಬಾಸ್ಟನ್, ಮರುವರ್ಷದ ಬೇಸಿಗೆಯಲ್ಲಿ ಜ್ರೂ ಹಾಲಿಡೇ ಅವರನ್ನು ಪೋರ್ಟ್‌ಲೆಂಡ್‌ಗೂ ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅವರನ್ನು ಅಟ್ಲಾಂಟಾಗೂ ಕಳಿಸಿತು.

ಥಂಡರ್ ಅಭಿಮಾನಿಗಳು ಗಮನಿಸಬೇಕಾದ ಅಂಶ ಇಲ್ಲಿದೆ. 2019ರಲ್ಲಿ ಪಾಲ್ ಜಾರ್ಜ್ ಅವರನ್ನು ಬಿಟ್ಟುಕೊಟ್ಟಾಗ ಗಿಲ್ಜಸ್-ಅಲೆಕ್ಸಾಂಡರ್ ಜೊತೆಗೆ ಕ್ಲಿಪ್ಪರ್ಸ್‌ನಿಂದ ಡ್ರಾಫ್ಟ್ ಹಕ್ಕುಗಳ ರಾಶಿಯೇ ಬಂದಿತ್ತು. ಅವುಗಳಲ್ಲೊಂದರಿಂದಲೇ 2022ರಲ್ಲಿ ಜೇಲನ್ ವಿಲಿಯಮ್ಸ್ ಆಯ್ಕೆಯಾದರು. ಆ ನಡುವೆ ತಂಡ ಒಂದು ಋತುವಿನಲ್ಲಿ 22, ಇನ್ನೊಂದರಲ್ಲಿ 24 ಪಂದ್ಯ ಮಾತ್ರ ಗೆದ್ದು ನಗೆಪಾಟಲಾಗಿತ್ತು. ಹಾಗೆ ಬೆಳೆಸಿದ ವಿಲಿಯಮ್ಸ್ ಮತ್ತು ಹೋಮ್‌ಗ್ರೆನ್ ಈ ಋತುವಿನಲ್ಲಿ ಇನ್ನೂ ಹೊಸಬರ ಒಪ್ಪಂದದ ಸಂಬಳದಲ್ಲಿಯೇ ಆಡುತ್ತಿದ್ದಾರೆ. ಅವರ ದೊಡ್ಡ ಸಂಬಳ 2026–27ರಿಂದ, ಗಿಲ್ಜಸ್-ಅಲೆಕ್ಸಾಂಡರ್ ಅವರ ನಾಲ್ಕು ವರ್ಷಕ್ಕೆ ಸುಮಾರು 28.5 ಕೋಟಿ ಡಾಲರ್‌ಗಳ ಹೊಸ ಒಪ್ಪಂದ 2027–28ರಿಂದ ಆರಂಭವಾಗುತ್ತದೆ. ಇಡೀ ಬಳಗವನ್ನು ಕಡಿಮೆ ಖರ್ಚಿನಲ್ಲಿ ಒಟ್ಟಿಗೆ ಇಟ್ಟುಕೊಳ್ಳಲು ಸಿಗುವ ಕೊನೆಯ ವರ್ಷ ಬಹುಶಃ ಇದೇ. ಡೊಂಬಿವಲಿಯ ಓದುಗರ ಭರವಸೆಗೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಆಧಾರವೂ ಇದೇ.

ಪ್ರಶ್ನೆ: ಬಾಂಬೆ ತಂಡ ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಬಿಟ್ಟುಕೊಟ್ಟಿರಲಿಲ್ಲ ಎಂದು ನಮ್ಮ ತಂದೆ ಹೇಳುತ್ತಿದ್ದರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಥ ಉದಾಹರಣೆ ಇದೆಯೇ?
– ಮಾಟುಂಗಾದ ಓದುಗರು

ಉತ್ತರ: ಹತ್ತಿರದ್ದೊಂದು ಇದೆ. ಬಿಲ್ ರಸೆಲ್ ಆಡುತ್ತಿದ್ದ ಬಾಸ್ಟನ್ ಸೆಲ್ಟಿಕ್ಸ್ 1959ರಿಂದ 1966ರವರೆಗೆ ಸತತ ಎಂಟು ಬಾರಿ ಗೆದ್ದಿತು. ಆದರೆ ಆಗ ಲೀಗಿನಲ್ಲಿದ್ದದ್ದು ಎಂಟೊಂಬತ್ತು ತಂಡಗಳು, 1966ನ್ನು ಬಿಟ್ಟರೆ ಅವರಿಗೆ ಪ್ರಶಸ್ತಿಗೆ ಎರಡು ಸರಣಿ ಗೆದ್ದರೆ ಸಾಕಿತ್ತು. ಮೇಲೆ ಹೇಳಿದ ಗುಣಾಕಾರವನ್ನು ನಾಲ್ಕರ ಬದಲು ಎರಡೇ ಸಲ ಮಾಡಿದರೆ ಶೇ 80ರ ತಂಡಕ್ಕೆ ಶೇ 64ರಷ್ಟು ಅವಕಾಶ ಉಳಿಯುತ್ತದೆ. ರಸೆಲ್ ಅವರ ಹಿರಿಮೆಯನ್ನು ಇದು ಕುಗ್ಗಿಸುವುದಿಲ್ಲ. ಆ ಕಾಲದ ಅಳತೆಗೋಲಿನಿಂದ ಈ ಕಾಲದ ಚಾಂಪಿಯನ್ನರನ್ನು ಅಳೆಯುವುದು ಮಾತ್ರ ನ್ಯಾಯವಾಗದು.

ನಿಮ್ಮ ತಂದೆಯವರ ಮಾತು ನಿಜ. 1958–59ರಿಂದ 1972–73ರವರೆಗೆ ರಣಜಿ ಬಾಂಬೆಯದ್ದೇ ಆಗಿತ್ತು. ಆ ಸರಪಳಿ ತುಂಡಾದದ್ದು ಮೈಸೂರು ಎಂಬ ಹೆಸರು ಬಿಟ್ಟು ಕರ್ನಾಟಕವಾಗಿ ಆಡಿದ ಮೊದಲ ಋತುವಿನಲ್ಲಿಯೇ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು, ನಾಯಕ ಪ್ರಸನ್ನ ಗವಾಸ್ಕರ್ ಅವರನ್ನು ಬೌಲ್ಡ್ ಮಾಡಿದರು, ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಓಡುವಾಗ ಜಾರಿ ರನೌಟ್ ಆದರು, ಮೊದಲ ಇನಿಂಗ್ಸ್ ಮುನ್ನಡೆ ಕರ್ನಾಟಕಕ್ಕೆ ಸಿಕ್ಕಿತು. ಹದಿನೈದು ವರ್ಷದ ಆಳ್ವಿಕೆಯ ಕೊನೆಯಲ್ಲಿ ಒಂದು ಕಾಲು ಜಾರಿದ ಪಾತ್ರವೂ ಇತ್ತು ಎಂಬುದನ್ನು ಥಂಡರ್ ಅಭಿಮಾನಿಗಳು ನೆನಪಿಡಲಿ. ಮುಂಬಯಿಯ ಕನ್ನಡಿಗರು ಈ ಕತೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಮರುವರ್ಷ ಹಾಲಿ ಚಾಂಪಿಯನ್ ಆಗಿ ಫೈನಲ್ ತಲುಪಿದ ನಮ್ಮ ಕರ್ನಾಟಕವನ್ನು ಸೋಲಿಸಿದ್ದು ಅದೇ ಬಾಂಬೆ.

ಪ್ರಶ್ನೆ: ಒಮ್ಮೆ ಗೆದ್ದ ಮೇಲೆ ಆಟಗಾರರಿಗೆ ಹಸಿವು ಇಂಗುತ್ತದೆ ಎನ್ನುತ್ತಾರೆ. ನಾನು ನಾಗಪಾಡಾದಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಯುತ್ತಿದ್ದೇನೆ. ನಮ್ಮ ಕೋಚ್ ಕೂಡ ಹಾಗೆಯೇ ಹೇಳುತ್ತಾರೆ.
– ಭಾಯಖಳಾದ ಕಾಲೇಜು ವಿದ್ಯಾರ್ಥಿ

ಉತ್ತರ: ಅಬ್ಬಾಸ್ ಮುಂತಸೀರ್ ಅವರಂಥ ಭಾರತ ತಂಡದ ನಾಯಕನನ್ನು ಬೆಳೆಸಿದ ನಾಗಪಾಡಾದ ಕೋಚ್ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಲೇಕರ್ಸ್ ಕೋಚ್ ಆಗಿದ್ದ ಪ್ಯಾಟ್ ರೈಲಿ ಗೆದ್ದ ತಂಡಗಳನ್ನು ಕಾಡುವ ಈ ತೊಂದರೆಯನ್ನು ಇನ್ನಷ್ಟು ಬೇಕೆಂಬ ರೋಗ ಎನ್ನುತ್ತಿದ್ದರು: ಗೆದ್ದ ಮೇಲೆ ಒಬ್ಬನಿಗೆ ಹೆಚ್ಚು ನಿಮಿಷ ಬೇಕು, ಇನ್ನೊಬ್ಬನಿಗೆ ಹೆಚ್ಚು ಹಣ ಬೇಕು, ಮತ್ತೊಬ್ಬನಿಗೆ ಹೆಚ್ಚು ಹೆಸರು ಬೇಕು. ಅದಕ್ಕೆ ಮದ್ದಾಗಿ 1987ರ ವಿಜಯೋತ್ಸವದಲ್ಲಿಯೇ ಮುಂದಿನ ವರ್ಷವೂ ಗೆಲ್ಲುತ್ತೇವೆ ಎಂದು ಅವರು ಸಾರಿಬಿಟ್ಟರು. 1988ರಲ್ಲಿ ಗೆದ್ದೂ ತೋರಿಸಿದರು. 1995ರ ಹ್ಯೂಸ್ಟನ್ ರಾಕೆಟ್ಸ್ ಉದಾಹರಣೆ ಇನ್ನೂ ಸ್ವಾರಸ್ಯಕರ: ಹಾಲಿ ಚಾಂಪಿಯನ್ ಆಗಿದ್ದೂ ಋತುವಿಡೀ ತಡವರಿಸಿ ತನ್ನ ವಿಭಾಗದಲ್ಲಿ ಆರನೇ ಸ್ಥಾನಕ್ಕೆ ಇಳಿದ ತಂಡ, ಪ್ಲೇಆಫ್‌ನಲ್ಲಿ ಮೈಕೊಡವಿ ಎದ್ದು ಫೈನಲ್‌ನಲ್ಲಿ ಒರ್ಲಾಂಡೊವನ್ನು 4–0 ಸೋಲಿಸಿತು. ಚಳಿಗಾಲದ ಸೋಲುಗಳನ್ನು ನೋಡಿ ಹಸಿವು ಇಂಗಿತೆಂದು ತೀರ್ಮಾನಿಸುವುದು ಆತುರವಾಗುತ್ತದೆ.

ಪ್ರಶ್ನೆ: ಎಲ್ಲ ಪಂದ್ಯ ನೋಡಲು ನನಗೆ ಪುರುಸೊತ್ತಿಲ್ಲ. ಥಂಡರ್ ಈ ವರ್ಷ ಹೇಗಿದೆ ಎಂದು ತಿಳಿಯಲು ಏನನ್ನು ನೋಡಬೇಕು?
– ವಾಶಿಯಿಂದ

ಉತ್ತರ: ಈಗಾಗಲೇ ಎರಡು ಒಳ್ಳೆಯ ಪಂದ್ಯಗಳು ಆಗಿಹೋಗಿವೆ. ಅಕ್ಟೋಬರ್ 22ರಂದು, ನಮ್ಮಲ್ಲಿ ಬಲಿಪಾಡ್ಯಮಿಯ ಬೆಳಿಗ್ಗೆ, ಹ್ಯೂಸ್ಟನ್ ವಿರುದ್ಧ ಎರಡು ಹೆಚ್ಚುವರಿ ಅವಧಿಗಳ ನಂತರ 125–124ರಿಂದ ಗೆದ್ದರು. ಮುಂದಿನ ಪಂದ್ಯದಲ್ಲಿ ಪೇಸರ್ಸ್ ವಿರುದ್ಧ ಮತ್ತೆ ಎರಡು ಹೆಚ್ಚುವರಿ ಅವಧಿ, 141–135. ಗಿಲ್ಜಸ್-ಅಲೆಕ್ಸಾಂಡರ್ ಒಬ್ಬರೇ 55 ಅಂಕ ಗಳಿಸಿದರು. ಗೆಲುವಿಗೆ ಒಬ್ಬರೇ ಇಷ್ಟು ದುಡಿಯಬೇಕಾಗಿ ಬಂದದ್ದು ನನಗೆ ಪೂರ್ತಿ ಹಿಡಿಸಲಿಲ್ಲ. ಬಲ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಾದ ಜೇಲನ್ ವಿಲಿಯಮ್ಸ್ ಋತುವಿನ ಆರಂಭದಲ್ಲಿ ಅಂಗಳಕ್ಕೆ ಇಳಿದಿರಲಿಲ್ಲ. ಅವರು ಮರಳಿದ ಮೇಲಿನ ಮೊದಲ ಹತ್ತು ಹದಿನೈದು ಪಂದ್ಯಗಳನ್ನು ನೋಡಿ, ಅದರಲ್ಲಿಯೂ ಅವರ ಬಲಗೈ ಹೊಡೆತಗಳನ್ನು ಗಮನಿಸಿ. ಅಂಕಪಟ್ಟಿಯಲ್ಲಿ ಸೋಲು ಗೆಲುವಿಗಿಂತ ಎದುರಾಳಿ ಎಷ್ಟು ಬಾರಿ ಚೆಂಡು ಕಳೆದುಕೊಂಡಿತು ಎಂಬ ಸಾಲನ್ನು ಮೊದಲು ಓದಿ. ಆ ಸಂಖ್ಯೆ ಕಳೆದ ವರ್ಷದಂತೆಯೇ ಎತ್ತರದಲ್ಲಿದ್ದರೆ ತಂಡದ ಆರೋಗ್ಯ ಚೆನ್ನಾಗಿದೆ ಎಂದರ್ಥ.

ಡಿಸೆಂಬರ್ 25ರಂದು ವಿಕ್ಟರ್ ವೆಂಬನ್ಯಾಮಾ ಅವರ ಸ್ಯಾನ್ ಆಂಟೋನಿಯೊ ಸ್ಪರ್ಸ್ ಒಕ್ಲಹೋಮಾಗೆ ಬರಲಿದೆ. ನಮ್ಮ ಲೆಕ್ಕದಲ್ಲಿ ಅದು 26ರ ನಸುಕಿನ ಒಂದು ಗಂಟೆ. ನವೆಂಬರ್ ಆರಂಭದಲ್ಲಿ ಅಮೆರಿಕದವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿರುವುದರಿಂದ, ಅಕ್ಟೋಬರ್‌ನಲ್ಲಿ ಬೆಳಿಗ್ಗೆ ಐದಕ್ಕೆ ಶುರುವಾಗುತ್ತಿದ್ದ ಪಂದ್ಯಗಳು ಈಗ ಆರಕ್ಕೆ ಶುರುವಾಗುತ್ತವೆ. ವಾಶಿಯಿಂದ ಎಂಟೂವರೆಯ ಲೋಕಲ್ ಹಿಡಿಯುವವರಾದರೆ ಕೊನೆಯ ಕ್ವಾರ್ಟರ್ ಮಾನಖುರ್ದ್ ಆಸುಪಾಸಿನಲ್ಲಿ ಮುಗಿಯಬಹುದು. ಖಾಡಿಯ ಸೇತುವೆಯ ಮೇಲೆ ನೆಟ್‌ವರ್ಕ್ ಹೋದರೆ ಅಂಕಣಕಾರನನ್ನು ದೂರಬೇಡಿ.