ಆ ಶಿಳ್ಳೆ ಯಾರದು?

ಪ್ರಶ್ನೆ: ಹಳೆಯ ಕೌಬಾಯ್ ಸಿನಿಮಾಗಳ ಆ ಪ್ರಸಿದ್ಧ ಶಿಳ್ಳೆ, ಸಂಗೀತ ನಿರ್ದೇಶಕ ಎನ್ನಿಯೊ ಮೊರಿಕೊನೆಯವರದೇ? ಸಿನಿಮಾಕ್ಕೆ ಮೊದಲು ಅವರು ಏನು ಮಾಡುತ್ತಿದ್ದರು?
– ಓದುಗರೊಬ್ಬರು, ತಿಪಟೂರು

ಉತ್ತರ: ಅಲ್ಲ. ಶಿಳ್ಳೆ ಹಾಕಿದವರು ಗಿಟಾರ್ ವಾದಕ ಅಲೆಸಾಂಡ್ರೊ ಅಲೆಸಾಂಡ್ರೋನಿ. ಮೊರಿಕೊನೆಯವರ ಕೈಯಲ್ಲಿದ್ದದ್ದು ಅಪ್ಪನಿಂದ ಬಂದ ಟ್ರಂಪೆಟ್.

ನಿಮ್ಮ ಎರಡನೆಯ ಪ್ರಶ್ನೆ ಇನ್ನೂ ರುಚಿಯಾಗಿದೆ. 1928ರಲ್ಲಿ ರೋಮ್‌ನಲ್ಲಿ ಹುಟ್ಟಿದ ಈತ ಅಲ್ಲಿನ ಸಾಂತಾ ಚೆಚಿಲಿಯಾ ಸಂಗೀತಶಾಲೆಯಲ್ಲಿ ಕಲಿತದ್ದು ಗಂಭೀರ ಸಂಗೀತ. ಅನ್ನ ಹಾಕಿದ್ದು ಜನಪ್ರಿಯ ಹಾಡು. ಆರ್‌ಸಿಎ ಎಂಬ ರೆಕಾರ್ಡ್ ಕಂಪನಿಗಾಗಿ ಬೇರೆಯವರ ಧಾಟಿಗಳಿಗೆ ವಾದ್ಯ ಹೊಂದಿಸುವ ಕೆಲಸ. 1960ರಲ್ಲಿ ಜಾನ್ನಿ ಮೆಚ್ಚಾ ಹಾಡಿದ ‘ಇಲ್ ಬಾರಾತ್ತೊಲೊ’ ಉರುಳುವ ಡಬ್ಬಿಯ ಹಾಡು. ಮೊರಿಕೊನೆ ಅದರೊಳಗೆ ಡಬ್ಬಿಯ ಸದ್ದನ್ನೇ ತಂದು ಕೂರಿಸಿದರು! ಮುಂದೆ ಅವರ ಸಿನಿಮಾ ಸಂಗೀತದಲ್ಲಿ ಚಾವಟಿ, ಗಂಟೆಗಳೂ ವಾದ್ಯಗಳಾದದ್ದರ ಬೇರು ಇಲ್ಲಿದೆ ಎಂಬುದು ನನ್ನ ಲೆಕ್ಕ.

1962ರಲ್ಲಿ ಪೀಟರ್ ಟೆವಿಸ್ ಎಂಬ ಅಮೆರಿಕನ್ ಗಾಯಕನಿಗಾಗಿ ವುಡಿ ಗತ್ರಿಯ ಜನಪದ ಶೈಲಿಯ ಹಾಡೊಂದಕ್ಕೆ ವಾದ್ಯ ಹೊಂದಿಸಿದ್ದರು. ಅದನ್ನು ಕೇಳಿದ ನಿರ್ದೇಶಕ ಸೆರ್ಜಿಯೊ ಲಿಯೊನೆ ಹಿನ್ನೆಲೆಯನ್ನು ಹಾಗೆಯೇ ಉಳಿಸಿಕೊಳ್ಳಿ ಎಂದರು. ಗಾಯಕನ ಜಾಗಕ್ಕೆ ಶಿಳ್ಳೆ ಬಂತು. ಅದೇ 1964ರ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’. ಲಿಯೊನೆ ಮೊರಿಕೊನೆಯವರ ಪ್ರಾಥಮಿಕ ಶಾಲೆಯ ಸಹಪಾಠಿ ಬೇರೆ! ಆದರೂ ಪರದೆಯ ಮೇಲೆ ಮೊರಿಕೊನೆಯವರ ಹೆಸರು ಡಾನ್ ಸಾವಿಯೊ ಎಂದು ಬಂತು. ಅಮೆರಿಕದ ಚಿತ್ರವೆಂದು ಜನ ನಂಬಲಿ ಎಂಬ ಉಪಾಯ.

ಪ್ರಶಸ್ತಿಗಳ ಮಾತು ಬೇಗ ಮುಗಿಸುತ್ತೇನೆ: 2007ರಲ್ಲಿ ಗೌರವ ಆಸ್ಕರ್, 2016ರಲ್ಲಿ, 87ರ ವಯಸ್ಸಿನಲ್ಲಿ, ಸ್ಪರ್ಧೆಯಲ್ಲಿ ಗೆದ್ದ ಆಸ್ಕರ್. ಮೊದಲನೆಯದಕ್ಕೆ ಇಟಾಲಿಯನ್‌ನಲ್ಲೇ ಕೃತಜ್ಞತೆ ಹೇಳಿದರು. ಪಕ್ಕದಲ್ಲಿ ನಿಂತು ಅನುವಾದಿಸಿದವರು ಆ 1964ರ ಚಿತ್ರದ ನಾಯಕ ಕ್ಲಿಂಟ್ ಈಸ್ಟ್‌ವುಡ್.

ನನ್ನನ್ನು ಕೇಳಿದರೆ, 1966ರಲ್ಲಿ ಇಟಲಿಯ ಗಾಯಕಿ ಮೀನಾ ಹಾಡಿದ ‘ಸೆ ತೆಲೆಫೊನಾಂದೊ’ವನ್ನು ಶಿಳ್ಳೆಗಿಂತ ಮೊದಲು ಕೇಳಿ. ಧಾಟಿ ಮೊರಿಕೊನೆಯವರದೇ. ಅದರ ಮುಖ್ಯ ಎಳೆ ಬರೀ ಮೂರು ಸ್ವರ. ಮೂರೇ ಸ್ವರ ಸುತ್ತುತ್ತಿದ್ದರೂ ಒತ್ತು ಒಮ್ಮೆ ಒಂದರ ಮೇಲೆ, ಮತ್ತೊಮ್ಮೆ ಇನ್ನೊಂದರ ಮೇಲೆ ಬೀಳುತ್ತದೆ. ನಾಲ್ಕರ ತಾಳದಲ್ಲಿ ಮೂರರ ಲೆಕ್ಕ ಹಾಕುವ ನಮ್ಮ ಮೃದಂಗದವರಿಗೆ ಇದು ಪರಿಚಿತ ಆಟ. ಕಳೆದ ವಾರ ಹಾರ್ಮೋನಿಯಂ ಮೇಲೆ ಕಾಲು ಗಂಟೆ ಇದನ್ನೇ ನುಡಿಸಿದೆ. ಅಡುಗೆಮನೆಯಿಂದ ಬಂದ ಪ್ರಶ್ನೆ ಒಂದೇ: “ಉಳಿದ ಕೀಗಳು ಕೆಟ್ಟಿವೆಯೇ?”