ತೌಡಿನ ಜೊತೆ ಹೋಗುವುದೇನು?

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ: “ಹೋದ ಸಂಚಿಕೆಯಲ್ಲಿ ‘ಬಿಳಿ ಅಕ್ಕಿ ಬಿಡಿ’ ಎಂದು ಬರೆದಿದ್ದೀರಿ. ನಮ್ಮದು ಆರು ಜನರ ಮನೆ, ರೇಷನ್ ಅಕ್ಕಿಯೇ ಆಧಾರ. ಬ್ರೌನ್ ರೈಸ್ ಬೆಲೆ ಕೇಳಿ ಸುಮ್ನೆ ವಾಪಸ್ ಬಂದೆ. ಮಾವನವರಿಗೆ ಸಕ್ಕರೆ ಕಾಯಿಲೆ ಬೇರೆ. ಅಷ್ಟಕ್ಕೂ ನಮ್ಮಜ್ಜಿ ಅನ್ನ ಉಂಡೇ ಗಟ್ಟಿಯಾಗಿದ್ದರು, ಅಲ್ವಾ?”

ಸಂಪಾದಕರ ಉತ್ತರ:

ನೀವು ಅಂಗಡಿಯಿಂದ ಬರಿಗೈಲಿ ಬಂದದ್ದು ಓದಿ ಬೇಸರವಾಯಿತು. ಏನು ಬಿಡಬೇಕು ಎಂದು ಹೇಳಿದ ನಾವು, ಬದಲಿಗೆ ಏನು ತಿನ್ನಬೇಕು ಎಂದು ಸರಿಯಾಗಿ ಹೇಳಲಿಲ್ಲ. ತಪ್ಪು ನಮ್ಮದೇ.

ಅಜ್ಜಿಯ ಮಾತಿಗೆ ಮೊದಲು ಬರೋಣ. ನಿಮ್ಮ ಸೀಮೆಯಲ್ಲಿ ಆಗ ದಿನದ ಊಟ ಎಂದರೆ ಮುದ್ದೆ. ಎಷ್ಟೋ ಮನೆಗಳಲ್ಲಿ ಅನ್ನ ಹಬ್ಬಕ್ಕೆ, ನೆಂಟರಿಗೆ. ಆ ಅಕ್ಕಿಯೂ ಒನಕೆಯಲ್ಲಿ ಕುಟ್ಟಿದ್ದು. ಎಷ್ಟು ಕುಟ್ಟಿದರೂ ಕಾಳಿನ ಮೇಲೆ ಒಂದಿಷ್ಟು ತೌಡು ಉಳಿಯುತ್ತಿತ್ತು. ಜೊತೆಗೆ ಹೊಲದ ಕೆಲಸ. ಈಗಿನ ಮಿಲ್ಲು ಹೊಟ್ಟು ಬಿಡಿಸಿ, ತೌಡು ಕೆರೆದು, ಮೊಳಕೆ ಒಡೆಯುವ ತುದಿಯನ್ನೂ ತೆಗೆದು ಪಾಲಿಶ್ ಮಾಡುತ್ತದೆ. ನಾರು, ಬಿ ವಿಟಮಿನ್‌ಗಳು, ಮೆಗ್ನೀಷಿಯಂ ಬಹುಪಾಲು ತೌಡಿನ ಜೊತೆ ಹೋಗುತ್ತವೆ. ಅದು ಹಸುವಿನ ಬಾನಿಗೆ. ನಮ್ಮ ತಟ್ಟೆಗೆ ಬರುವುದು ಹೆಚ್ಚಾಗಿ ಪಿಷ್ಟ.

ಇದರಿಂದ ಏನಾಗುತ್ತದೆ ಎಂದು ಜಗತ್ತಿಗೆ ತಿಳಿದದ್ದು ಕೋಳಿಗಳಿಂದ. 1890ರ ಸುಮಾರಿಗೆ ಜಾವಾದ ಬಟೇವಿಯಾದಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್ಮನ್ ಎಂಬ ಡಚ್ ವೈದ್ಯರು ನರಗಳು ದುರ್ಬಲವಾಗಿ ಕಾಲು ಸೋಲುವ ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಅವರು ಸಾಕಿದ ಕೋಳಿಗಳೇ ಕಾಲು ಸೋತು ಬೀಳತೊಡಗಿದವು. ಅವುಗಳಿಗೆ ಹಾಕುತ್ತಿದ್ದುದು ಸೇನಾ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನ. ಹೊಸದಾಗಿ ಬಂದ ಅಡುಗೆಯವನು, ಸೇನೆಯ ಅನ್ನವನ್ನು ಕೋಳಿಗೆ ಕೊಡೋದಿಲ್ಲ ಎಂದುಬಿಟ್ಟ. ಪಾಲಿಶ್ ಮಾಡದ ಅಕ್ಕಿ ಹಾಕಬೇಕಾಯಿತು. ಕೋಳಿಗಳು ಚೇತರಿಸಿಕೊಂಡು ಓಡಾಡಿದವು! ತೌಡಿನಲ್ಲಿದ್ದ ಆ ವಸ್ತು ಥಯಮಿನ್, ಅಂದರೆ ಬಿ1. 1926ರಲ್ಲಿ ಅದೇ ಊರಿನಲ್ಲಿ ಅದನ್ನು ಬೇರ್ಪಡಿಸಿದರು. 1929ರಲ್ಲಿ ಐಕ್ಮನ್ ಅವರಿಗೆ ನೊಬೆಲ್ ಬಂತು.

ಬೇಳೆ, ಸೊಪ್ಪು ತಿನ್ನುವ ಮನೆಯಲ್ಲಿ ಬೆರಿಬೆರಿಯ ಭಯ ಬೇಡ. ಇಂದಿನ ನಮ್ಮ ಚಿಂತೆ ಸಕ್ಕರೆ ಕಾಯಿಲೆ. ನಾರು ಕಮ್ಮಿ ಇದ್ದರೆ ಪಿಷ್ಟ ಬೇಗ ಕರಗಿ ರಕ್ತದಲ್ಲಿ ಸಕ್ಕರೆ ಏರುತ್ತದೆ. ದಿನಕ್ಕೆ 50 ಗ್ರಾಂ ಬಿಳಿ ಅಕ್ಕಿಯ ಬದಲು ಕಂದು ಅಕ್ಕಿ, ಅಂದರೆ ತೌಡು ತೆಗೆಯದ ಬ್ರೌನ್ ರೈಸ್, ತಿಂದರೆ ಈ ಕಾಯಿಲೆ ಬರುವ ಅಪಾಯ ಸುಮಾರು 16% ಇಳಿಯಬಹುದು ಎಂದು 2010ರಲ್ಲಿ ಹಾರ್ವರ್ಡ್ ಸಂಶೋಧಕರು ಲೆಕ್ಕ ಹಾಕಿದರು.

ಆದರೆ ನೀವು ಕಂದು ಅಕ್ಕಿಯನ್ನೇ ಕೊಳ್ಳಬೇಕಿಲ್ಲ. ನಿಮ್ಮೂರಿನಲ್ಲಿ ರಾಗಿ ಇದೆ. ರಾಗಿಯ ಸಿಪ್ಪೆ ಕಾಳಿಗೆ ಬಿಗಿಯಾಗಿ ಅಂಟಿರುತ್ತದೆ, ಅಕ್ಕಿಯ ಹಾಗೆ ಸಲೀಸಾಗಿ ಪಾಲಿಶ್ ಆಗುವುದಿಲ್ಲ. ಹಾಗಾಗಿ ಇಡೀ ಕಾಳೇ ಹಿಟ್ಟಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ 10 ಇದ್ದರೆ ಹೆಚ್ಚು. ರೇಷನ್‌ನಲ್ಲಿ ರಾಗಿ ಕೊಟ್ಟ ತಿಂಗಳು ದಯವಿಟ್ಟು ಮಾರಬೇಡಿ. ಹಿಟ್ಟು ಮಾಡಿಸಿ, ಸಣ್ಣ ಜರಡಿ ಹಿಡಿಯದೆ ಬಳಸಿ. ಗೋಧಿಯೂ ಅಷ್ಟೇ. ಗಿರಣಿಯಲ್ಲಿ ಬೀಸಿಸಿ, ಬೂಸಾ ಎಸೆಯಬೇಡಿ. ಮಕ್ಕಳು ಮುದ್ದೆ ಬೇಡ ಎಂದರೆ ದೋಸೆ ಹಿಟ್ಟಿಗೆ ಒಂದು ಲೋಟ ರಾಗಿ ಹಿಟ್ಟು ಕಲಸಿ. ನಿಧಾನಕ್ಕೆ ಹೆಚ್ಚಿಸಿ, ಇಲ್ಲವಾದರೆ ಹೊಟ್ಟೆ ಉಬ್ಬರಿಸುತ್ತದೆ.

ಕಂದು ಬಣ್ಣದ ಬ್ರೆಡ್ಡು, ‘ಮಲ್ಟಿಗ್ರೇನ್’ ಬಿಸ್ಕತ್ತಿಗೆ ಮಾತ್ರ ಜಾಸ್ತಿ ದುಡ್ಡು ಸುರಿಯಬೇಡಿ. ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದೆ. ಹೆಚ್ಚು ಹಾಕಿದ್ದು ಮೊದಲು ಬರುತ್ತದೆ. ಅಲ್ಲಿ ಮೊದಲು ಮೈದಾ ಇದ್ದರೆ ಅದು ಮೈದಾ ತಿಂಡಿಯೇ.

ಇನ್ನು ನಿಮ್ಮ ಮಾವನವರು. ರಾಗಿಯಲ್ಲೂ ಪಿಷ್ಟವಿದೆ. ‘ಸಕ್ಕರೆ ಕಾಯಿಲೆಗೆ ಮುದ್ದೆ ಎಷ್ಟು ಉಂಡರೂ ಪರವಾಗಿಲ್ಲ’ ಎಂಬ ಮಾತು ನಂಬಬೇಡಿ. ನೀರಾದ ಅಂಬಲಿ, ಗಂಜಿ ಇನ್ನೂ ಬೇಗ ಸಕ್ಕರೆ ಏರಿಸಬಹುದು. ಒಂದು ಸಣ್ಣ ಮುದ್ದೆ, ತಟ್ಟೆ ತುಂಬ ಸೊಪ್ಪು, ಕಾಳಿನ ಸಾರು ಸಾಕು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಊಟ ಬದಲಿಸುವ ಮುಂಚೆ ಡಾಕ್ಟರಿಗೆ ಹೇಳಿ. ಒಂದು ದಿನ ಅನ್ನ ಉಂಡು, ಇನ್ನೊಂದು ದಿನ ಮುದ್ದೆ ಉಂಡು, 2 ಗಂಟೆ ಬಿಟ್ಟು ಸಕ್ಕರೆ ಅಳೆಸಿ. ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದು ಮಾವನವರಿಗೇ ತೋರಿಸಿ.