ಪೊಲೀಸ್ ಸ್ಟೇಷನ್ ಒಳಗೆ ಸಂವಿಧಾನ ನಡೆಯುತ್ತಾ?

"ಹಕ್ಕು ಹಕ್ಕು ಅಂತಾರೆ, ರಾತ್ರೋರಾತ್ರಿ ಹುಡುಗನ್ನ ಸ್ಟೇಷನ್‌ಗೆ ಎತ್ತಾಕ್ಕೊಂಡು ಹೋದ್ರೆ ಬಡವರಿಗೆ ಸಂವಿಧಾನದಿಂದ ಏನು ಪ್ರಯೋಜನ" ಅಂತ ಕೇಳಿದ್ದೀರಿ. ನಾನು ತಾಲೂಕು ಕೋರ್ಟಲ್ಲಿ ವಕೀಲಿ ಮಾಡೋನು, ಜಾಮೀನು, ಚೆಕ್ ಬೌನ್ಸು, ಜಮೀನು ತಕರಾರು ಇಷ್ಟೇ ನನ್ನ ಪ್ರಪಂಚ. ನಾನು ಕಂಡ ಹಾಗೆ ಪ್ರಯೋಜನ ಇದೆ, ಆದ್ರೆ ಟೈಮಿಗೆ ಸಾಕ್ಷಿಯಾಗಿ ಒಂದು ಪೇಪರ್ ನಿಮ್ಮ ಕೈಲಿರ್ಬೇಕು.

22ನೇ ವಿಧಿ ಪ್ರಕಾರ ಅರೆಸ್ಟ್ ಆದವನನ್ನ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರ್ಲೇಬೇಕು, ದಾರೀಲಿ ಬರೋ ಟೈಮ್ ಮಾತ್ರ ಲೆಕ್ಕಕ್ಕಿಲ್ಲ. ಭಾನುವಾರ ಅಂತ ಕೂರಂಗಿಲ್ಲ, ಜಡ್ಜ್ ಸಾಹೇಬ್ರ ಮನೆ ಬಾಗಿಲಿಗೇ ಕರ್ಕೊಂಡು ಹೋಗ್ತಾರೆ. ಇದು ಪೊಲೀಸ್ನೋರಿಗೆ ಚೆನ್ನಾಗಿ ಗೊತ್ತು, ಅದಕ್ಕೇ "ಅರೆಸ್ಟೇ ಮಾಡಿಲ್ಲಮ್ಮ, ವಿಚಾರಣೆಗೆ ಕರೆಸಿದೀವಿ" ಅನ್ನೋ ಮಾತು ಹುಟ್ಟಿರೋದು.

ಒಂದು ಕೇಸ್ ಹೇಳ್ತೀನಿ. ಗ್ಯಾರೇಜ್ ಹುಡುಗ, ಲಾರಿ ಬ್ಯಾಟರಿ ಕಳ್ಳತನ ಅಂತ ಮಂಗಳವಾರ ಸಂಜೆ ಕರ್ಕೊಂಡು ಹೋಗಿದ್ರು, ಕೋರ್ಟಿಗೆ ತಂದಿದ್ದು ಗುರುವಾರ ಮಧ್ಯಾಹ್ನ. ಅರೆಸ್ಟ್ ಮೆಮೊ, ಅಂದ್ರೆ ಅರೆಸ್ಟ್ ಮಾಡಿದಾಗ ಪೊಲೀಸ್ನೋರು ಬರೆಯೋ ಪೇಪರ್, ನೋಡಿದ್ರೆ ಗುರುವಾರ ಬೆಳಿಗ್ಗೆ ಆರು ಗಂಟೆ, ಬಸ್ ಸ್ಟ್ಯಾಂಡ್ ಹತ್ರ ಅನುಮಾನಾಸ್ಪದವಾಗಿ ಓಡಾಡ್ತಿದ್ದ ಅಂತ ಬರೆದಿದೆ! ಸಾಹೇಬ್ರು "ಹೊಡೆದ್ರೇನಪ್ಪಾ" ಅಂದ್ರೆ ಅವನು ಪಕ್ಕದಲ್ಲಿದ್ದ ಪೊಲೀಸ್ ಪೇದೆ ಮುಖ ನೋಡಿ "ಇಲ್ಲ ಸ್ವಾಮಿ" ಅಂದ. ಎಲ್ಲರೂ ಹಾಗೇ ಅನ್ನೋದು. ಆದ್ರೆ ಅವರಮ್ಮ, ಓದು ಬರಹ ಬರಲ್ಲ, ಪಕ್ಕದ ಮನೆ ಹುಡುಗಿ ಹತ್ರ ಎಸ್‌ಪಿಗೆ ಒಂದು ಅರ್ಜಿ ಬರೆಸಿ ಬುಧವಾರವೇ ರಿಜಿಸ್ಟರ್ ಪೋಸ್ಟ್ ಮಾಡಿದ್ರು, ಆ ರಸೀದಿನ ಎಲೆಅಡಿಕೆ ಚೀಲದಿಂದ ತೆಗೆದು ನನ್ನ ಕೈಗೆ ಕೊಟ್ಟಾಗ ಅದಕ್ಕೆ ಸುಣ್ಣ ಮೆತ್ಕೊಂಡಿತ್ತು. ಅರ್ಜಿ ನಕಲು, ರಸೀದಿ ಎರಡೂ ಕೊಟ್ಟೆ. ಸಾಹೇಬ್ರು ರಸೀದಿ ತಾರೀಕು ನೋಡಿದ್ರು, ಮೆಮೊ ನೋಡಿದ್ರು, ಆಮೇಲೆ ಹುಡುಗನ್ನ ಹತ್ರ ಕರೆದು ಅಂಗಾಲು ತೋರ್ಸು ಅಂದ್ರು. ಪೊಲೀಸ್ ಕಸ್ಟಡಿ ಕೊಡ್ಲಿಲ್ಲ, ಇನ್ನೊಂದ್ಸಲ ಮೆಡಿಕಲ್ ಮಾಡ್ಸಿ ಅಂತ ಆರ್ಡರ್ ಶೀಟಲ್ಲಿ ಬರೆಸಿದ್ರು, ಮುಂದಿನ ವಾರ ಜಾಮೀನು ಸಿಕ್ತು. ಎಸ್‌ಐಗೆ ಏನಾಯ್ತು ಅಂದ್ರೆ ಏನೂ ಆಗ್ಲಿಲ್ಲ, ಅದನ್ನೂ ಹೇಳ್ಬೇಕಲ್ಲ.

ಆ ಮೆಮೊ ಅನ್ನೋದೂ ಸುಮ್ನೆ ಬಂದಿದ್ದಲ್ಲ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದ್ರು, ಅದನ್ನೇ ರಿಟ್ ಅರ್ಜಿ ಅಂತ ತಗೊಂಡ್ರು, ತೀರ್ಪು ಬರೋಕೆ 1996 ಆಯ್ತು. ಮೆಮೊಲಿ ಟೈಮು ತಾರೀಕು ಇರ್ಬೇಕು, ಮನೆಯವರದೋ ಊರಿನ ಗೌರವಸ್ಥರದೋ ಸಾಕ್ಷಿ ಸಹಿ ಬೇಕು, ಕಸ್ಟಡಿಲಿದ್ರೆ 48 ಗಂಟೆಗೊಮ್ಮೆ ಡಾಕ್ಟರು ನೋಡ್ಬೇಕು, ಇವೆಲ್ಲಾ ಅದರಲ್ಲೇ ಬಂದಿದ್ದು. ಈಗ ಮೆಮೊ ವಿಷಯ ಅರೆಸ್ಟು, ಜಾಮೀನು ಹೇಗೆ ಅಂತ ಹೇಳೋ ಹೊಸ ಕಾನೂನು ಬಿಎನ್‌ಎಸ್‌ಎಸ್ 36ನೇ ಸೆಕ್ಷನ್‌ನಲ್ಲೂ ಇದೆ. ಹಾಗಾಗಿ ಸಹಿ ಹಾಕಿ ಅಂದ್ರೆ ಮೊದ್ಲು ಟೈಮ್ ನೋಡಿ, ಸುಳ್ಳಿದ್ರೆ ಹಾಕ್ಬೇಡಿ.

ಹುಡುಗ ಎಲ್ಲಿದಾನೆ ಅಂತಾನೇ ಗೊತ್ತಿಲ್ಲ ಅಂದ್ರೆ ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್, ಅಂದ್ರೆ ಹಿಡಿದಿಟ್ಟವನನ್ನ ಕೋರ್ಟ್ ಮುಂದೆ ತರ್ಸಿ ಅಂತ ಕೇಳೋ ಅರ್ಜಿ, ಹಾಕೋದು, ಬೆಂಗಳೂರು, ಧಾರವಾಡ, ಕಲಬುರಗಿ ಯಾವುದು ನಿಮ್ಮ ಜಿಲ್ಲೆಗೆ ಬರುತ್ತೋ ಅಲ್ಲಿ. ಕೋರ್ಟುಗಳೂ ಎಡವಿದಾವೆ ಬಿಡಿ, ಎಮರ್ಜೆನ್ಸಿಲಿ ನಮ್ಮ ಕರ್ನಾಟಕ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಇಂಥ ಅರ್ಜಿ ಕೇಳ್ತೀವಿ ಅಂದಿದ್ರೆ 1976ರಲ್ಲಿ ಸುಪ್ರೀಂ ಕೋರ್ಟು ಕೇಳೋಹಾಗಿಲ್ಲ ಅಂತು, ಐವರಲ್ಲಿ ಎಚ್.ಆರ್. ಖನ್ನಾ ಒಬ್ರೇ ಒಪ್ಪಲಿಲ್ಲ. ಆ ತೀರ್ಪು ತಪ್ಪು ಅಂತ ಅದೇ ಕೋರ್ಟು ಬರೆದಿದ್ದು 2017ರಲ್ಲಿ, ಅದೂ ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿಯವರು ಹಾಕಿದ್ದ ಕೇಸಲ್ಲಿ.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನಿರ್ಬೇಡಿ, ಕಸ್ಟಡಿಲಿರೋರಿಗೆ ಆದಾಯ ಎಷ್ಟೇ ಇರ್ಲಿ ಉಚಿತ ಕಾನೂನು ನೆರವು ಸಿಗುತ್ತೆ, ತಾಲೂಕು ಕೋರ್ಟಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ, ಫೋನ್ ಆದ್ರೆ 15100. ಅದಕ್ಕೂ ಮುಂಚೆ, ಕರ್ಕೊಂಡು ಹೋದ ಅರ್ಧ ಗಂಟೆಲೇ ಎಸ್‌ಪಿ ಆಫೀಸಿಗೆ ಒಂದು ಮೇಲ್ ಹಾಕಿಬಿಡಿ. ಎಷ್ಟೊತ್ತಿಗೆ, ಎಲ್ಲಿಂದ, ಜೀಪ್ ನಂಬರ್ ಏನು, ಯಾರು ನೋಡಿದ್ರು. ನಾಲ್ಕೇ ಸಾಲು, ಕನ್ನಡದಲ್ಲೇ ಬರೀರಿ.